ಚೆಂಡು ಬೀಳದೆಯೂ ಅದೇ ಮೂಲೆಯಲ್ಲಿ ಸೀಳುವ ಕಿಟಕಿ ಗಾಜು: ಬದಲಿಸುವಾಗ ಏನೇನು ನೋಡಬೇಕು?

ನಿಟ್ಟುವಳ್ಳಿ_ಮನೆ

ಊರು ದಾವಣಗೆರೆ. ಮೂರು ಕಡೆ ಗಾಜು ಹಾಕಬೇಕಿದೆ, ಒಂದೇ ಸಲ ಕೇಳಿಬಿಡ್ತೀನಿ.

ಒಂದು, ಹಳೇ ತೇಗದ ಕಿಟಕಿ. ಪುಟ್ಟಿ ಹಾಕಿ ಕೂರಿಸಿದ ಗಾಜು. ಕೀಲಿನ ಕಡೆಯ ಕೆಳಮೂಲೆಯಿಂದ ಸೀಳು ಬಂದಿದೆ. ಕಲ್ಲು, ಚೆಂಡು ಏನೂ ಬಿದ್ದಿಲ್ಲ. ಹಿಂದಿನ ಗಾಜೂ ಇದೇ ಮೂಲೆಯಿಂದಲೇ ಸೀಳಿತ್ತು. ಗಾಜು ಕೂರುವ ಜಾಗದ ಅಳತೆ ಅಗಲ 14 ಇಂಚು 3 ಸೂತ, ಎತ್ತರ 21 ಇಂಚು 6 ಸೂತ.

ಎರಡು, ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಒಂದು ಗಾಜು, ಸುಮಾರು 2 ಅಡಿಗೆ ಮೂರೂವರೆ ಅಡಿ. ಮೂರು, ಅಡುಗೆಮನೆ ಹಿಂಬಾಗಿಲಿನ ಮೇಲರ್ಧದ ಗಾಜು.

ಗೋಡೆಗೆ ತಂದ ಪುಟ್ಟಿ ಅರ್ಧ ಚೀಲ ಉಳಿದಿದೆ. ಕಿಟಕಿಗೆ ಅದೇ ನಡೆಯುತ್ತಾ?

ಉಳಿ_ಬಾಚಿ

ಮೊದಲು ಕೊನೇ ಪ್ರಶ್ನೆ. ನಡೆಯಲ್ಲ. ಗೋಡೆ ಪುಟ್ಟಿ ಅಂದರೆ ಬಿಳಿ ಸಿಮೆಂಟು. ಗಟ್ಟಿಯಾದ ಮೇಲೆ ಕಲ್ಲು. ಗಾಜನ್ನ ಹಿಡ್ಕೊಳ್ಳಲ್ಲ, ಮರ ಅಲುಗಾಡಿದರೆ ಕಿತ್ತು ಬರುತ್ತೆ, ಇಲ್ಲಾಂದ್ರೆ ಗಾಜನ್ನೇ ಸೀಳುತ್ತೆ. ಗಾಜಿಗೆ ಬೇಕಾದ್ದು ಅಗಸೆ ಎಣ್ಣೆಯಲ್ಲಿ ಕಲಸಿದ ಚಾಕ್ ಪುಡಿ ಪುಟ್ಟಿ. ಹೆಸರು ಒಂದೇ ಆಗಿರೋದ್ರಿಂದ ಅಂಗಡಿಯಲ್ಲಿ ಬರೀ "ಪುಟ್ಟಿ ಕೊಡಿ" ಅಂದರೆ ಗೋಡೆದೇ ಕೈಗೆ ಬರುತ್ತೆ. "ಕಿಟಕಿ ಗಾಜಿನ ಪುಟ್ಟಿ" ಅಂತ ಬಿಡಿಸಿ ಕೇಳ್ರಿ. ಐಎಸ್ 419 ಅನ್ನೋ ಮಾನಕ ಇರೋದು ಇದೇ ಕಿಟಕಿ ಪುಟ್ಟಿಗೆ.

ಇನ್ನು ಕಿಟಕಿ. ಎರಡು ಸಲ ಒಂದೇ ಮೂಲೆ ಅಂದ್ರೆ ತಪ್ಪು ಗಾಜಿನದಲ್ಲ, ಚೌಕಟ್ಟಿನದು. ಅದನ್ನ ಹುಡುಕದೆ ಮೂರನೇ ಗಾಜು ಹಾಕಬೇಡಿ. ಸೀಳು ಹೇಗಿದೆ ಅಂತ ಸರಿಯಾಗಿ ಬರೀರಿ, ಆಮೇಲೆ ಹೇಳ್ತೀನಿ.

ದುರ್ಗದ_ಗಾಳಿ

ಸೀಳು ನೋಡಿಯೇ ಕಾರಣ ಹೇಳಬಹುದು, ಹೀಗೆ:

ಏನಾದರೂ ಬಡಿದು ಒಡೆದಿದ್ದರೆ ಒಂದು ಬಿಂದುವಿನಿಂದ ನಕ್ಷತ್ರದ ಹಾಗೆ ಗೆರೆಗಳು ಹರಡಿರುತ್ತವೆ. ಬಿಸಿಲಿನ ಸೀಳು ಅಂಚಿನಿಂದ ನೇರ, ಅಂಚಿಗೆ ಲಂಬವಾಗಿ ಹೊರಟು, ಇಂಚು ಎರಡಿಂಚು ಹೋದ ಮೇಲೆ ಹಾವಿನ ಹಾಗೆ ಬಳುಕುತ್ತೆ, ಹೊರಟ ಜಾಗದಲ್ಲಿ ಚೂರು ಎದ್ದಿರೋದಿಲ್ಲ. ಮೊಳೆಯೋ ಕಲ್ಲಿನ ಹರಳೋ ಒತ್ತಿ ಸೀಳಿದ್ದರೆ ಹೊರಟ ಜಾಗದಲ್ಲಿ ಅರ್ಧಚಂದ್ರದಂಥ ಸಣ್ಣ ಚಕ್ಕೆ ಎದ್ದಿರುತ್ತೆ.

ಬಿಸಿಲಿನ ಸೀಳು ಯಾಕೆ ಅಂದರೆ, ಗಾಜಿನ ನಡುಭಾಗ ಕಾದು ಹಿಗ್ಗುತ್ತೆ, ಚೌಕಟ್ಟಿನೊಳಗಿನ ಅಂಚು ನೆರಳಲ್ಲಿ ತಣ್ಣಗಿರುತ್ತೆ. ನಡುಭಾಗ ಅಂಚನ್ನ ಎಳೆಯುತ್ತೆ. ಅಂಚಲ್ಲಿ ಕತ್ತರಿಸುವಾಗ ಬಿದ್ದ ಸಣ್ಣ ಕಚ್ಚು ಇದ್ದರೆ ಅಲ್ಲಿಂದಲೇ ಬಿಡುತ್ತೆ. ಪಶ್ಚಿಮದ ಕಿಟಕಿಗೆ ಅರ್ಧ ಗಾಜಿಗೆ ಮಾತ್ರ ಕಪ್ಪು ಫಿಲ್ಮ್ ಅಂಟಿಸಿದರೆ, ಕ್ಯಾಲೆಂಡರ್ ರಟ್ಟು ಸಿಕ್ಕಿಸಿದರೆ ಈ ತೊಂದರೆ ಹೆಚ್ಚು.

ನಿಟ್ಟುವಳ್ಳಿ_ಮನೆ

ಅರ್ಧಚಂದ್ರದ ಚಕ್ಕೆ ಇದೆ ಸರ್. ಹತ್ತಿರ ಪುಟ್ಟಿ ಮೇಲೆ ಕಂದು ಬಣ್ಣದ ಕಲೆಯೂ ಇದೆ.

ಉಳಿ_ಬಾಚಿ

ಕಂದು ಕಲೆ ಅಂದ್ರೆ ತುಕ್ಕು. ಪುಟ್ಟಿ ಒಳಗೆ ಗಾಜು ಜಾರದಂಗೆ ಹೊಡೆದ ಕಬ್ಬಿಣದ ಮೊಳೆ ಇದೆ. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಎಷ್ಟೋ ಪಟ್ಟು ಊದಿಕೊಳ್ಳುತ್ತೆ. ಮಳೆಗಾಲ ಕಳೆದಂಗೆಲ್ಲ ಮೊಳೆ ದಪ್ಪ ಆಗಿ ಗಾಜಿನ ಅಂಚನ್ನ ಒಂದೇ ಬಿಂದುವಿನಲ್ಲಿ ಒತ್ತುತ್ತೆ. ಗಾಜು ಬದಲಿಸಿದವರು ಮೇಲಿನ ಪುಟ್ಟಿ ಕೆರೆದು ಮೊಳೆಯನ್ನ ಹಾಗೇ ಬಿಟ್ಟಿದ್ದಾರೆ. ಎರಡನೇ ಗಾಜೂ ಹೋಯ್ತು.

ಬಿಚ್ಚೋ ಕ್ರಮ ಹೇಳ್ತೀನಿ. ಸಾಧ್ಯವಿದ್ದರೆ ಕೀಲಿನ ಸ್ಕ್ರೂ ತೆಗೆದು ಕಿಟಕಿ ಬಾಗಿಲನ್ನ ಇಳಿಸಿ, ಗೋಣಿ ಹಾಸಿದ ಮೇಜಿನ ಮೇಲೆ ಮಲಗಿಸಿ. ನಿಂತ ಕಿಟಕಿಯಲ್ಲಿ ಪುಟ್ಟಿ ಕೆಲಸ ಮಾಡಿದರೆ ಕೆಳಗಂಚಿನದು ಚೆನ್ನಾಗಿ ಬರುತ್ತೆ, ಮೇಲಂಚಿನದು ಜೋಲುತ್ತೆ. ಇಳಿಸಲು ಆಗದಿದ್ದರೆ ಗಾಜಿನ ಎರಡೂ ಮುಖಕ್ಕೆ ಅಗಲದ ಟೇಪನ್ನ ಅಡ್ಡ ಉದ್ದ ಅಂಟಿಸಿ. ದಪ್ಪ ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಶೂ ಇರಲಿ. ಹವಾಯಿ ಚಪ್ಪಲಿಯಲ್ಲಿ ಈ ಕೆಲಸಕ್ಕೆ ಇಳಿಯಬೇಡಿ.

ಚೂರು ಕೀಳುವಾಗ ಮೇಲಿನಿಂದ ಕೆಳಕ್ಕೆ ಬನ್ನಿ. ಕೆಳಗಿನದು ಮೊದಲು ಕಿತ್ತರೆ ಮೇಲಿನ ತುಂಡು ಕೈ ಮೇಲೆ ಇಳಿಯುತ್ತೆ. ಆಮೇಲೆ ಹಳೇ ಪುಟ್ಟಿ. ಮೊಂಡಾದ ಹಳೇ ಉಳಿ ಸಾಕು, ಹರಿತದ್ದು ಮರವನ್ನ ಕಚ್ಚುತ್ತೆ. ಉಳಿಯನ್ನ ಮರಕ್ಕೆ ಒರಗಿಸಿ ಉದ್ದುದ್ದಕ್ಕೆ ತಟ್ಟಿ, ಅಡ್ಡಕ್ಕೆ ತಟ್ಟಬೇಡಿ. ಕಲ್ಲಾಗಿದ್ದರೆ ಪೇಂಟ್ ರಿಮೂವರ್ ಸವರಿ ಅರ್ಧ ಗಂಟೆ ಬಿಟ್ಟು ಕೆರೆಯಿರಿ. ಹಾಟ್ ಏರ್ ಗನ್ ಹಿಡಿದರೆ ಬೇಗ ಮೆತ್ತಗಾಗುತ್ತೆ ನಿಜ, ಆದರೆ ಪಕ್ಕದ ಒಳ್ಳೇ ಗಾಜು ಸೀಳುತ್ತೆ.

ಈಗ ಮುಖ್ಯ ವಿಷಯ. ಗಾಜು ಕೂರುವ ಮೆಟ್ಟಿಲಿನ ಸುತ್ತ ಬೆರಳಲ್ಲ, ಒಂದು ಅಯಸ್ಕಾಂತ ಆಡಿಸಿ. ಪೇಂಟಿನಡಿ ಮುಚ್ಚಿದ ಮೊಳೆ ಕಣ್ಣಿಗೆ ಕಾಣಲ್ಲ, ಅಯಸ್ಕಾಂತಕ್ಕೆ ಸಿಗುತ್ತೆ. ಸಿಕ್ಕಿದ್ದನ್ನೆಲ್ಲ ಇಕ್ಕಳದಿಂದ ಕೀಳಿ. ಬುಡ ಮುರಿದು ಒಳಗುಳಿದರೆ ಪಂಚಿನಿಂದ 2 ಮಿ.ಮೀ. ಒಳಕ್ಕೆ ಹೊಡೆದು ಮೇಲೆ ಮರದ ಫಿಲ್ಲರ್ ತುಂಬಿ.

ಪ್ರೈಮರ್_ಡಬ್ಬಿ

ಮಧ್ಯೆ ಬಾಯಿ ಹಾಕ್ತೀನಿ. ಹಳೇ ಕಿಟಕಿಯ ಪೇಂಟನ್ನ ಒಣಗಿದಂತೆ ಉಜ್ಜಬೇಡಿ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಳೇ ಎನಾಮಲ್ ಪದರದಲ್ಲಿ ಸೀಸ ಇರಬಹುದು. ನೀರು ಚಿಮುಕಿಸಿ ವಾಟರ್ ಪೇಪರಿನಿಂದ ಉಜ್ಜಿ, ಹುಡುಗರನ್ನ ದೂರ ಇಡಿ, ಉದುರಿದ್ದನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೀರಿ, ಪೊರಕೆ ಬೇಡ.

ಮೆಟ್ಟಿಲಿನ ಬೋಳು ಮರಕ್ಕೆ ಒಂದು ಕೋಟ್ ವುಡ್ ಪ್ರೈಮರ್ ಕಡ್ಡಾಯ. ಒಂದು ರಾತ್ರಿ ಒಣಗಬೇಕು. ಇದನ್ನ ಬಿಟ್ಟರೆ ಒಣಮರ ಪುಟ್ಟಿಯ ಎಣ್ಣೆ ಕುಡಿದುಬಿಡುತ್ತೆ, ಉಳಿದ ಚಾಕ್ ಪುಡಿ ಎರಡು ಬೇಸಿಗೆಯಲ್ಲಿ ಬಿರಿದು ಉದುರುತ್ತೆ. "ಪುಟ್ಟಿ ಕಳಪೆ" ಅನ್ನೋ ದೂರುಗಳಲ್ಲಿ ಬಹಳಷ್ಟು ಪ್ರೈಮರ್ ಬಿಟ್ಟಿದ್ದರ ಫಲ.

ಸೂತದ_ಲೆಕ್ಕ

ಅಳತೆ ಬಗ್ಗೆ. ಒಂದು ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ, 3 ಮಿ.ಮೀ.ಗೆ ಕೂದಲೆಳೆ ಹೆಚ್ಚು. ಅಗಲವನ್ನ ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡೀರಿ. ಎತ್ತರವನ್ನೂ ಹಾಗೇ. ಮೂರರಲ್ಲಿ ಕಮ್ಮಿ ಬಂದದ್ದೇ ಲೆಕ್ಕ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಒಂದು ಸೂತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಚೌಕಟ್ಟು ಮೂಲೆಮಟ್ಟದಲ್ಲಿಲ್ಲ. ಆಗ ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಒಳಗಿಟ್ಟು ನೋಡಿ, ಆ ರಟ್ಟನ್ನೇ ಅಂಗಡಿಗೆ ತನ್ನಿ.

ಚೌಕಟ್ಟಿನ ಅಳತೆಯಿಂದ ಎರಡೂ ದಿಕ್ಕಿಗೆ ಒಂದೊಂದು ಸೂತ ಕಮ್ಮಿ ಮಾಡಿ. ಅಂದರೆ ಪ್ರತಿ ಬದಿಗೆ ಒಂದೂವರೆ ಮಿ.ಮೀ. ಸಡಿಲ. ನಿಮ್ಮದು 14 ಇಂಚು 2 ಸೂತಕ್ಕೆ 21 ಇಂಚು 5 ಸೂತ ಆಗುತ್ತೆ. 3 ಅಡಿ ದಾಟಿದ ಗಾಜಾದರೆ ಎರಡು ಸೂತ ಕಮ್ಮಿ ಮಾಡಬೇಕು. "ಟೈಟಾಗಿ ಕೂರಲಿ" ಅಂತ ಪೂರಾ ಅಳತೆ ಕೊಡುವವರಿದ್ದಾರೆ. ಮಳೆಗೆ ಮರ ಉಬ್ಬಿದ ದಿನ ಆ ಗಾಜಿನ ಕತೆ ಮುಗಿಯುತ್ತೆ.

ಬಿಲ್ಲಿನ ಲೆಕ್ಕವೂ ತಿಳಿದಿರಲಿ. ಹಲವು ಅಂಗಡಿಗಳಲ್ಲಿ ಅಳತೆಯನ್ನ ಮುಂದಿನ 3 ಇಂಚಿಗೆ ಏರಿಸಿ ಚದರಡಿ ಹಿಡೀತಾರೆ. ನಿಮ್ಮ ಗಾಜು ನಿಜಕ್ಕೂ 2.14 ಚದರಡಿ, ಬಿಲ್ಲಿಗೆ 15ಕ್ಕೆ 24 ಅಂತ ಎರಡೂವರೆ ಚದರಡಿ. ಮೋಸ ಅಲ್ಲ, ಉಳಿಯುವ ಪಟ್ಟಿ ಯಾರಿಗೂ ಕೆಲಸಕ್ಕೆ ಬರೋದಿಲ್ಲ. ಆದರೆ ಕೇಳುವ ಮುಂಚೆ ಗೊತ್ತಿದ್ದರೆ ಜಗಳ ಇರಲ್ಲ.

ದಪ್ಪ: ಈ ಅಳತೆಗೆ 4 ಮಿ.ಮೀ. ಸಾಕು. ಗಾಜಿನ ತೂಕ ಒಂದು ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕೆ.ಜಿ. 4 ಮಿ.ಮೀ. ಗಾಜು ಚದರಡಿಗೆ ಸುಮಾರು 930 ಗ್ರಾಂ, ನಿಮ್ಮದು ಎರಡು ಕೆ.ಜಿ. 5 ಮಿ.ಮೀ. ಆದರೆ ಎರಡೂವರೆ. ಹಳೇ ಕೀಲು ಸವೆದಿದ್ದರೆ ಆ ಅರ್ಧ ಕೆ.ಜಿ.ಯೂ ಲೆಕ್ಕಕ್ಕೆ ಬರುತ್ತೆ.

ಕತ್ತರಿಸಿದ ಮೇಲೆ ನಾಲ್ಕೂ ಅಂಚಿಗೆ ಕಲ್ಲು ಉಜ್ಜಿಸಿಕೊಳ್ಳಿ. ಕೈ ಕುಯ್ಯಬಾರದು ಅಂತ ಮಾತ್ರ ಅಲ್ಲ, ದುರ್ಗದವರು ಹೇಳಿದ ಬಿಸಿಲಿನ ಸೀಳು ಹೊರಡುವುದು ಉಜ್ಜದ ಅಂಚಿನ ಕಚ್ಚಿನಿಂದಲೇ. ತರುವಾಗ ನಿಲ್ಲಿಸಿ ತನ್ನಿ. ಆಟೋದ ಸೀಟಿನ ಮೇಲೆ ಮಲಗಿಸಿದರೆ ಮೊದಲ ಹಂಪ್ಸಿಗೇ ನಡುವೆ ಬಾಗಿ ಒಡೆಯುತ್ತೆ.

ಬೆಣ್ಣೆ_ದೋಸೆ

ಇಷ್ಟೆಲ್ಲ ಚಾಕ್ ಪುಡಿ, ಎಣ್ಣೆ ಯಾಕೆ? ಸಿಲಿಕೋನ್ ಟ್ಯೂಬು ಹಿಡಿದು ಸುತ್ತ ಎಳೆದರೆ ಹತ್ತು ನಿಮಿಷದ ಕೆಲಸ.

ಪ್ರೈಮರ್_ಡಬ್ಬಿ

ಹತ್ತು ನಿಮಿಷದ ಕೆಲಸ ಹೌದು. ಆದರೆ ಸಿಲಿಕೋನ್ ಮೇಲೆ ಪೇಂಟು ಕೂರಲ್ಲ. ಪೇಂಟ್ ಮಾಡೋ ಮರದ ಕಿಟಕಿಗೆ ಅದು ಕೊನೇ ತನಕ ಬೇರೆ ಬಣ್ಣದ ಗೆರೆಯಾಗೇ ಉಳಿಯುತ್ತೆ. ಮುಂದೆ ಗಾಜು ಬದಲಿಸಬೇಕಾದಾಗ ಕೆರೆದು ತೆಗೆಯೋದೂ ಕಷ್ಟ, ಉಳಿದ ಪೊರೆ ಮೇಲೆ ಹೊಸದು ಯಾವುದೂ ಹಿಡಿಯಲ್ಲ.

ಬಳಸಲೇಬೇಕಿದ್ದರೆ ಜಾತಿ ನೋಡಿ ತಗೊಳ್ಳಿ. ಹುಳಿ ವಿನೆಗರ್ ವಾಸನೆ ಹೊಡೆಯೋದು ಅಸಿಟಿಕ್. ಗಾಜಿಗೆ ಚೆನ್ನಾಗಿ ಅಂಟುತ್ತೆ, ಆದರೆ ಕಬ್ಬಿಣಕ್ಕೆ ತುಕ್ಕು ತರಿಸುತ್ತೆ, ಕನ್ನಡಿ ಬೆನ್ನಿನ ಲೇಪ ತಿನ್ನುತ್ತೆ, ಲ್ಯಾಮಿನೇಟೆಡ್ ಗಾಜಿನ ನಡುವಿನ ಪದರವನ್ನೂ ಕೆಡಿಸುತ್ತೆ. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್ ಇವಕ್ಕೆಲ್ಲ ಸರಿ. 5 ಮಿ.ಮೀ. ಅಗಲ ಆಳದ ಗೆರೆಗೆ ಮೀಟರಿಗೆ 25 ಮಿ.ಲೀ. ಬೇಕು. 280 ಮಿ.ಲೀ. ಟ್ಯೂಬು ಸುಮಾರು 11 ಮೀಟರ್ ಬರುತ್ತೆ.

ದುರ್ಗದ_ಗಾಳಿ

ಸಿಲಿಕೋನ್ ಗಟ್ಟಿಯಾಗೋದು ಗಾಳಿಯ ತೇವದಿಂದ. ಏಪ್ರಿಲ್ ಒಣಬಿಸಿಲಿನಲ್ಲಿ "ಬಿಸಿಲಿದೆ, ಬೇಗ ಒಣಗುತ್ತೆ" ಅನ್ನೋ ಲೆಕ್ಕ ತಪ್ಪು. ಮೇಲೆ ಚರ್ಮ ಕಟ್ಟುತ್ತೆ, ಒಳಗೆ ಹಸಿ ಇರುತ್ತೆ. ದಿನಕ್ಕೆ 2-3 ಮಿ.ಮೀ. ಅಂತ ಹಿಡಿದು, ಎರಡು ದಿನ ಕಿಟಕಿಯನ್ನ ಬಡಿಯಬೇಡಿ.

ಆದರೂ ಚಿತ್ರದುರ್ಗದಂಥ ಕಡೆ ನಾನು ಸಿಲಿಕೋನ್ ಪರವೇ. ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟ ಊರಿದು. ಆಷಾಢದಲ್ಲಿ ಕಿಟಕಿ ದಿನವೆಲ್ಲ ನಡುಗುತ್ತೆ, ಗಟ್ಟಿಯಾದ ಪುಟ್ಟಿ ಗಾಜಿನಿಂದ ಬಿಟ್ಟುಕೊಳ್ಳುತ್ತೆ, ಸಂದಿಯಿಂದ ಮಳೆ ನೀರು ಒಳಗೆ ಬರುತ್ತೆ. ಸಿಲಿಕೋನ್ ರಬ್ಬರಿನ ಹಾಗೆ ಜೊತೆಗೆ ಅಲುಗುತ್ತೆ.

ಉಳಿ_ಬಾಚಿ

ಬಿಟ್ಟುಕೊಳ್ಳೋದು ಹಾಸುಪುಟ್ಟಿ (ಗಾಜಿನ ಬೆನ್ನಿಗೆ ಮೊದಲು ಹಾಸೋ ಪುಟ್ಟಿ) ಇಲ್ಲದೆ ಮಾಡಿದ ಕೆಲಸ. ಬರೀ ಹೊರಗಡೆ ಮೆತ್ತಿ ಹೋದರೆ ಗಾಜಿನ ಬೆನ್ನು ನೇರ ಮರಕ್ಕೆ ತಾಗಿ ಗಡಗಡ ಅನ್ನುತ್ತೆ. ಸರಿಯಾದ ಕ್ರಮ ಇದು:

ಒಂದು ಕೆ.ಜಿ. ಚಾಕ್ ಪುಡಿಗೆ 200ರಿಂದ 220 ಗ್ರಾಂ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆ, ಸ್ವಲ್ಪ ಸ್ವಲ್ಪ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಬೇಕು. ಕೈಗೆ ಅಂಟಿದರೆ ಪುಡಿ ಕಮ್ಮಿ, ಎಳೆದಾಗ ಬಿರಿದರೆ ಎಣ್ಣೆ ಕಮ್ಮಿ. ನಾದಿದ್ದನ್ನ ಒದ್ದೆ ಬಟ್ಟೆ ಮುಚ್ಚಿ ಒಂದು ರಾತ್ರಿ ಇಟ್ಟರೆ ಹದ ಇನ್ನೂ ಚೆನ್ನ. ಎಣ್ಣೆ ಒರೆಸಿದ ಬಟ್ಟೆಯನ್ನ ಮುದುರಿ ಮೂಲೆಗೆ ಎಸೀಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತೆ, ಮುದುರಿದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ಮೆಟ್ಟಿಲಿನ ಸುತ್ತ ಮೊದಲು ಹಗ್ಗದಂಗೆ ಹೊಸೆದ ಪುಟ್ಟಿ ಇಡಿ, 3 ಮಿ.ಮೀ. ದಪ್ಪ. ಇದೇ ಹಾಸು. ಕೆಳಗಂಚಿಗೆ ಒಂದೂವರೆ ಮಿ.ಮೀ. ದಪ್ಪದ ಪ್ಲಾಸ್ಟಿಕ್ ಚೂರು ಎರಡು, ಅಗಲದ ಕಾಲುಭಾಗಕ್ಕೊಂದು, ಮುಕ್ಕಾಲಿಗೊಂದು. ಕರೆಂಟ್ ಕೇಸಿಂಗ್ ಪಟ್ಟಿಯ ತುಂಡು ನಡೆಯುತ್ತೆ. ಗಾಜಿನ ಭಾರ ಮರದ ಮೇಲಲ್ಲ, ಈ ಚೂರುಗಳ ಮೇಲೆ ಕೂರಬೇಕು. ಗಾಜು ಇಟ್ಟು ಅಂಚಿನಲ್ಲಿ ಮಾತ್ರ ಒತ್ತಿ, ನಡುವೆ ಕೈ ಇಡಬೇಡಿ. ಹಾಸು 2 ಮಿ.ಮೀ.ಗೆ ಇಳಿದು ಒಳಗಡೆಯಿಂದ ಪುಟ್ಟಿ ಹಿಂಡಿ ಬರಬೇಕು, ಸುತ್ತ ಎಲ್ಲೂ ಖಾಲಿ ಕಾಣಬಾರದು.

ಆಮೇಲೆ ಮೊಳೆ. ತಲೆ ಇಲ್ಲದ ಮುಕ್ಕಾಲು ಇಂಚಿನ ಪಿನ್, ಸಾಧ್ಯವಿದ್ದರೆ ಹಿತ್ತಾಳೆಯದು. ಆರಾರು ಇಂಚಿಗೊಂದು, ಮೂಲೆಯಿಂದ ಎರಡಿಂಚು ದೂರ. ಪಿನ್ ಗಾಜಿನ ಮುಖಕ್ಕೆ ತಡೆಯಾಗಿ ನಿಲ್ಲಬೇಕು, ಅಂಚಿಗೆ ತಾಗಕೂಡದು. ನಿಮ್ಮ ಹಳೇ ಮೊಳೆ ತಾಗಿದ್ದು ಅಂಚಿಗೇ. ಸುತ್ತಿಗೆಯನ್ನ ಗಾಜಿನ ಮೇಲೆ ಜಾರಿಸುತ್ತಾ ತಟ್ಟಿ, ಮಧ್ಯೆ ದಪ್ಪ ರಟ್ಟು ಇರಲಿ.

ಕೊನೆಗೆ ಹೊರಗಡೆ ಪುಟ್ಟಿ ಇಟ್ಟು ಬ್ಲೇಡನ್ನ ಓರೆ ಹಿಡಿದು ಒಂದೇ ಎಳೆತದಲ್ಲಿ ಇಳಿಜಾರು ಮಾಡಿ. ಮೇಲಿನ ಗೆರೆ ಒಳಗಿನ ಮರದ ಗೆರೆಗಿಂತ 2 ಮಿ.ಮೀ. ಕೆಳಗಿರಲಿ, ಒಳಗಿಂದ ಪುಟ್ಟಿ ಕಾಣಲ್ಲ, ಪೇಂಟಿಗೂ ಜಾಗ ಸಿಗುತ್ತೆ. ಹಾಸು, ಇಳಿಜಾರು ಎರಡೂ ಸೇರಿ ಮೀಟರಿಗೆ ಸುಮಾರು 130 ಗ್ರಾಂ. ನಿಮ್ಮ ಗಾಜಿನ ಸುತ್ತಳತೆ 1.82 ಮೀಟರ್, 240 ಗ್ರಾಂ ಹಿಡೀತದೆ. ಕೈಯಲ್ಲಿ ಹೋಗೋದು ಸೇರಿ ಅರ್ಧ ಕೆ.ಜಿ. ತನ್ನಿ.

ಗಾಳಿಯ ಮಾತಿಗೆ: ಕಿಟಕಿ ನಡುಗುತ್ತೆ ಅಂದರೆ ಮೊದಲು ಕೊಂಡಿ ಬಿಗಿ ಮಾಡಿಸ್ರಿ. ಬಡಿಯೋ ಕಿಟಕಿಗೆ ಸಿಲಿಕೋನೂ ಉಳಿಯಲ್ಲ, ಪುಟ್ಟಿಯೂ ಉಳಿಯಲ್ಲ.

ದುರ್ಗದ_ಗಾಳಿ

ಕೊಂಡಿಯ ಮಾತು ಒಪ್ಪಿದೆ. ಹಾಸುಪುಟ್ಟಿಯ ಜಾಗದಲ್ಲಿ ಸಿಲಿಕೋನ್, ಹೊರಗೆ ಗಾಜನ್ನ ಹಿಡಿಯೋ ಮರದ ಬೀಡಿಂಗ್ ಪಟ್ಟಿ, ಇದು ನನ್ನ ಆಯ್ಕೆ. ಪಟ್ಟಿಯನ್ನ ಮೊಳೆ ಬದಲು ಸಣ್ಣ ಸ್ಕ್ರೂನಲ್ಲಿ ಕೂರಿಸಿದರೆ ಮುಂದಿನ ಸಲ ಬಿಚ್ಚೋಕೆ ಐದು ನಿಮಿಷ. ಸ್ಕ್ರೂಗೆ ಮೊದಲೇ ತೂತು ಕೊರೆಯಿರಿ, ಅರ್ಧ ಇಂಚಿನ ಪಟ್ಟಿ ಕೊರೆಯದೆ ಹಾಕಿದರೆ ಸೀಳುತ್ತೆ. ಕೆಳಗಿನ ಪಟ್ಟಿಗೆ ಹೊರಗಡೆ ಸ್ವಲ್ಪ ಇಳಿಜಾರು ಇರಬೇಕು, ಇಲ್ಲದಿದ್ದರೆ ನೀರು ನಿಂತು ಮೊದಲು ಕೊಳೆಯೋದು ಅದೇ.

ಪ್ರೈಮರ್_ಡಬ್ಬಿ

ಪುಟ್ಟಿ ದಾರಿ ಹಿಡಿದರೆ ಒಂದರಿಂದ ಎರಡು ವಾರ ಬಿಟ್ಟು, ಬೆರಳು ಒತ್ತಿದಾಗ ಮೇಲೆ ಚರ್ಮ ಕಟ್ಟಿದೆ ಅನ್ನಿಸಿದ ಮೇಲೆ ಪೇಂಟ್. ಬ್ರಷ್ ಗೆರೆ ಪುಟ್ಟಿ ದಾಟಿ ಗಾಜಿನ ಮೇಲೆ 2 ಮಿ.ಮೀ. ಬರಬೇಕು. ಅಂದಕ್ಕಲ್ಲ, ಪುಟ್ಟಿ ಗಾಜಿನ ಸಂದಿಗೆ ನೀರು ಇಳಿಯದಂತೆ ಮುಚ್ಚೋದು ಆ ಎರಡು ಮಿ.ಮೀ. ಪೇಂಟೇ. ಮಾಸ್ಕಿಂಗ್ ಟೇಪನ್ನ ಗಾಜಿನ ಮೇಲೆ ಆ ಅಂತರ ಬಿಟ್ಟು ಅಂಟಿಸಿ, ಪೇಂಟ್ ಹಸಿ ಇರುವಾಗಲೇ ಕೀಳಿ.

ಮೆದೇಹಳ್ಳಿ_ರಸ್ತೆ

ಹಳೇ ಕ್ವಾರ್ಟರ್ಸಿನ ಕಬ್ಬಿಣದ ಝಡ್ ಸೆಕ್ಷನ್ (ಝಡ್ ಆಕಾರದ ಪಟ್ಟಿಯ) ಕಿಟಕಿಗೂ ಇದೇ ಪುಟ್ಟಿನಾ?

ಪ್ರೈಮರ್_ಡಬ್ಬಿ

ಅಲ್ಲ. ಮರ ಸ್ವಲ್ಪ ಎಣ್ಣೆ ಹೀರಿದರೆ ಆ ಪುಟ್ಟಿ ಬೇಗ ಗಟ್ಟಿಯಾಗುತ್ತೆ. ಕಬ್ಬಿಣ ಹೀರಲ್ಲ, ತಿಂಗಳುಗಟ್ಟಲೆ ಮೆತ್ತಗೇ ಇರುತ್ತೆ, ಬಿಸಿಲಿಗೆ ಜೋಲುತ್ತೆ. ಮೆಟಲ್ ಕೇಸ್‌ಮೆಂಟ್ ಪುಟ್ಟಿ ಅಂತ ಬೇರೆ ಬರುತ್ತೆ, ಸಿಗದಿದ್ದರೆ ನ್ಯೂಟ್ರಲ್ ಸಿಲಿಕೋನ್. ತುಕ್ಕನ್ನ ವೈರ್ ಬ್ರಷ್‌ನಿಂದ ಲೋಹ ಕಾಣುವ ತನಕ ಉಜ್ಜಿ, ಝಿಂಕ್ ಪ್ರೈಮರ್ ಹೊಡೀರಿ. ಚೌಕಟ್ಟಿನ ಸಣ್ಣ ತೂತುಗಳಿಗೆ ಸಿಕ್ಕಿಸುವ ತಂತಿಯ ಕ್ಲಿಪ್ ಇರುತ್ತೆ, ಹಳೇದನ್ನ ಎಸೀಬೇಡಿ, ಅದೇ ಅಳತೆಯದು ಮತ್ತೆ ಹುಡುಕೋದು ಕಷ್ಟ. ಕಬ್ಬಿಣದ ಪದರ ಪದರ ತುಕ್ಕು ಉಬ್ಬಿ ಗಾಜನ್ನ ಒತ್ತುತ್ತಿದ್ದರೆ ಕೆರೆದಷ್ಟೂ ಕೆರೆಯಿರಿ. ಇಲ್ಲೂ ಕಾರಣ ಆ ಮೊಳೆಯ ಹಾಗೇ, ತುಕ್ಕು.

ಸ್ಲೈಡಿಂಗ್_ಟ್ರ್ಯಾಕ್

ಅಲ್ಯೂಮಿನಿಯಂ ಕಿಟಕಿ ಬಗ್ಗೆ ಯಾರೂ ಹೇಳಿಲ್ಲ.

ಸೊಳ್ಳೆ ಜಾಲರಿಯ ಪಲ್ಲ (ಜಾರುವ ಬಾಗಿಲು) ಇದ್ದರೆ ಅದನ್ನ ಮೊದಲು ತೆಗೀರಿ. ಆಮೇಲೆ ಒಳಗಿನ ಪಲ್ಲ. ಎರಡೂ ಬದಿ ಹಿಡಿದು ನೇರ ಮೇಲಕ್ಕೆತ್ತಿ, ಕೆಳಭಾಗವನ್ನ ನಿಮ್ಮ ಕಡೆ ಎಳೆದರೆ ಟ್ರ್ಯಾಕಿನಿಂದ ಬರುತ್ತೆ. ಬರದಿದ್ದರೆ ಮೇಲಿನ ಟ್ರ್ಯಾಕಿನಲ್ಲಿ ತಡೆ ಬ್ಲಾಕ್ ಇದೆಯಾ ನೋಡಿ, ಅಥವಾ ಕೆಳಗಿನ ಬೇರಿಂಗಿನ ಸ್ಕ್ರೂ ತಿರುಗಿಸಿ ಚಕ್ರ ಒಳಕ್ಕೆ ಎಳೆದುಕೊಳ್ಳಿ. ಒಡೆದ ಗಾಜಿರುವ ಪಲ್ಲವನ್ನ ಟೇಪ್ ಹಾಕದೆ ಎತ್ತಲೇಬೇಡಿ, ಮೇಲಿನ ತುಂಡು ನೇರ ಕತ್ತಿನ ಕಡೆ ಬರುತ್ತೆ.

ಪಲ್ಲದ ನಾಲ್ಕು ಮೂಲೆಯ ಸ್ಕ್ರೂ ಬಿಚ್ಚಿ. ಹ್ಯಾಂಡಲ್ ಕಡೆಯ ಸೆಕ್ಷನ್ (ಅಲ್ಯೂಮಿನಿಯಂ ಪಟ್ಟಿ) ಒಂದನ್ನ ಮರದ ತುಂಡು ಇಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟಿ ಹೊರಗೆ ತೆಗೆದರೆ ಸಾಕು, ನಾಲ್ಕೂ ಬೇಕಿಲ್ಲ. ಬಿಚ್ಚುವ ಮುನ್ನ ಯಾವುದು ಮೇಲೆ, ಯಾವುದು ಕೆಳಗೆ ಅಂತ ಮಾರ್ಕರಿನಲ್ಲಿ ಬರೀರಿ. ಕೆಳಗಿನದರಲ್ಲಿ ಬೇರಿಂಗ್ ಇದೆ, ತಿರುಗಾಮುರುಗಾ ಮಾಡಿದರೆ ಪೂರಾ ಮತ್ತೆ ಬಿಚ್ಚಬೇಕು.

ಗಾಜಿನ ಅಳತೆ: ಕಾಣುವ ಗಾಜಲ್ಲ, ಸೆಕ್ಷನ್ನಿನ ಕಾಲುವೆಯ ಬುಡದಿಂದ ಬುಡಕ್ಕೆ. ಕಾಲುವೆಯ ಆಳವನ್ನ ಕಡ್ಡಿ ಹಾಕಿ ನೋಡಿ, ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಪ್ರತಿ ಬದಿಯಲ್ಲಿ ಬುಡದಿಂದ 3 ಮಿ.ಮೀ. ಬಿಟ್ಟು ಅಳತೆ ಕೊಡಿ. ಈ ಜಾಗ ರಬ್ಬರಿಗೆ ಮಾತ್ರ ಅಲ್ಲ. 4 ಅಡಿ ಉದ್ದಕ್ಕೆ 30 ಡಿಗ್ರಿ ಬಿಸಿ ಏರಿದರೆ ಅಲ್ಯೂಮಿನಿಯಂ 0.8 ಮಿ.ಮೀ. ಹಿಗ್ಗುತ್ತೆ, ಗಾಜು 0.3. ಬೆಳಗ್ಗೆ ತಣ್ಣಗಾದಾಗ ಸೆಕ್ಷನ್ ಗಾಜಿಗಿಂತ ಹೆಚ್ಚು ಕುಗ್ಗುತ್ತೆ. ಸಡಿಲ ಇಲ್ಲದಿದ್ದರೆ ಆಗಲೇ ಒತ್ತೋದು.

ರಬ್ಬರ್ 4 ಮಿ.ಮೀ. ಗಾಜಿಗೆ ಬೇರೆ, 5ಕ್ಕೆ ಬೇರೆ. ನಿಮ್ಮ ಗಾಜು 7 ಚದರಡಿ, 5 ಮಿ.ಮೀ. ಹಾಕಿದರೆ 8 ಕೆ.ಜಿ. ಹಳೇ ರಬ್ಬರ್ ಗಟ್ಟಿಯಾಗಿರುತ್ತೆ, ಹೊಸದೇ ಹಾಕಿ, ಸುತ್ತಳತೆ 11 ಅಡಿ. ಗಾಜಿನ ಸುತ್ತ ಸುತ್ತುವಾಗ ಎಳೆಯಬೇಡಿ. ಎಳೆದು ಹಾಕಿದ ರಬ್ಬರ್ ಎರಡೇ ತಿಂಗಳಲ್ಲಿ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತೆ. ಮೂಲೆಯಲ್ಲಿ ಒಳಗಡೆಗೆ ವಿ ಆಕಾರದ ಕಚ್ಚು ಕೊಟ್ಟು ಬಾಗಿಸಿ, ಜೋಡಣೆ ಮೇಲಂಚಿನ ನಡುವೆ ಬರಲಿ, ಕೆಳಗೆ ಬಂದರೆ ನೀರು ಇಳಿಯುತ್ತೆ. ಸೆಕ್ಷನ್ ತೂರಿಸಲು ಕಷ್ಟವಾದರೆ ಸೋಪಿನ ನೀರು ಸವರಿ. ಎಣ್ಣೆ, ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತೆ.

ವಾಪಸ್ ಕೂರಿಸುವ ಮುಂಚೆ ಕೆಳಗಿನ ಟ್ರ್ಯಾಕಿನ ನೀರು ಹೋಗುವ ತೂತು ಚುಚ್ಚಿ ಸ್ವಚ್ಛ ಮಾಡಿ. ಒಡೆದ ಗಾಜಿನ ಪುಡಿ ಅಲ್ಲೇ ಕೂತಿರುತ್ತೆ, ಬೇರಿಂಗಿನ ಚಕ್ರಕ್ಕೆ ಸಿಕ್ಕಿದರೆ ವಾರದಲ್ಲಿ ಕರಕರ ಶುರು.

ನಿಟ್ಟುವಳ್ಳಿ_ಮನೆ

ಬಾಗಿಲಿಗೂ 4 ಮಿ.ಮೀ. ಸಾಕಾ?

ಸೂತದ_ಲೆಕ್ಕ

ಬಾಗಿಲಿಗೆ ಸಾದಾ ಗಾಜನ್ನ ನಾನಂತೂ ಹೇಳಲ್ಲ, ದಪ್ಪ ಎಷ್ಟೇ ಇರಲಿ. ಸಾದಾ ಗಾಜು ಒಡೆದರೆ ಕತ್ತಿಯಂಥ ಉದ್ದ ಚೂರು. ಬಾಗಿಲನ್ನ ಜನ ಕೈಯಲ್ಲಿ, ಮೊಣಕೈಯಲ್ಲಿ ತಳ್ಳುತ್ತಾರೆ. ಟಫನ್ಡ್ ಗಾಜು (ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದು) ಅದೇ ದಪ್ಪದ ಸಾದಾ ಗಾಜಿಗಿಂತ ನಾಲ್ಕು ಪಟ್ಟು ಗಟ್ಟಿ, ಒಡೆದರೂ ಕಲ್ಲುಸಕ್ಕರೆಯಂಥ ಮೊಂಡು ಹರಳಾಗುತ್ತೆ. 5 ಮಿ.ಮೀ. ಟಫನ್ಡ್ ಹಾಕಿಸಿ. ಮೂಲೆಯಲ್ಲಿ ಮುದ್ರೆ ಇದೆಯಾ ನೋಡಿಯೇ ತಗೊಳ್ಳಿ, ಸುರಕ್ಷಾ ಗಾಜಿನ ಮಾನಕ ಐಎಸ್ 2553.

ಇದರಲ್ಲಿ ಒಂದು ಪೀಕಲಾಟ ಇದೆ. ಟಫನ್ಡ್ ಆದ ಮೇಲೆ ಕತ್ತರಿಸೋಕೆ, ತೂತು ಕೊರೆಯೋಕೆ, ಒಂದು ಸೂತ ಉಜ್ಜಿ ಕಮ್ಮಿ ಮಾಡೋಕೆ ಯಾವುದಕ್ಕೂ ಆಗಲ್ಲ, ಪೂರಾ ಪುಡಿಯಾಗುತ್ತೆ. ಅಳತೆ ಕೊಟ್ಟು ಮಾಡಿಸಿ ತರಿಸಬೇಕು, ಕೆಲವು ದಿನ ಹಿಡಿಯುತ್ತೆ. ಅದಕ್ಕೇ ಮೊದಲು ಅದೇ ಅಳತೆಯ ರಟ್ಟನ್ನ ಬಾಗಿಲಿಗೆ ಕೂರಿಸಿ ನೋಡಿ, ಆಮೇಲೆ ಆರ್ಡರ್ ಕೊಡಿ. ಅಲ್ಲಿಯ ತನಕ ಬಾಗಿಲಿಗೆ 6 ಮಿ.ಮೀ. ಪ್ಲೈವುಡ್ ಬಡಿದಿರಲಿ.

ಕಾಯೋಕೆ ಆಗದಿದ್ದರೆ ಲ್ಯಾಮಿನೇಟೆಡ್. ಎರಡು 3 ಮಿ.ಮೀ. ಗಾಜಿನ ನಡುವೆ 0.38 ಮಿ.ಮೀ. ಪದರ, ಒಟ್ಟು 6.38. ಒಡೆದರೂ ಜಾಗ ಬಿಟ್ಟು ಬೀಳಲ್ಲ, ಕಳ್ಳರ ಭಯ ಇರುವ ಹಿಂಬಾಗಿಲಿಗೆ ಇದೇ ಮೇಲು. ಆದರೆ 4 ಮಿ.ಮೀ. ಲೆಕ್ಕದಲ್ಲಿ ಕೊರೆದ ಹಳೇ ಮೆಟ್ಟಿಲಿನಲ್ಲಿ ಇದನ್ನ ಇಟ್ಟ ಮೇಲೆ ಬೀಡಿಂಗಿಗೆ ಜಾಗ ಉಳಿಯುತ್ತಾ ನೋಡ್ಕೊಳ್ಳಿ.

ಉಳಿ_ಬಾಚಿ

ಬಾಗಿಲಿನ ಗಾಜಿಗೆ ಪ್ಲಾಸ್ಟಿಕ್ ಚೂರು ಇಡೋ ಜಾಗ ಕಿಟಕಿಯಂಗಲ್ಲ. ಕೀಲಿನ ಕಡೆಯ ಕೆಳಮೂಲೆ ಹತ್ತಿರ ಒಂದು, ಅದರ ಎದುರು ಕರ್ಣದಲ್ಲಿ ಬೀಗದ ಕಡೆಯ ಮೇಲ್ಮೂಲೆ ಹತ್ತಿರ ಇನ್ನೊಂದು. ಹಿಂಗಿಟ್ಟರೆ ಭಾರ ಕೀಲಿಗೆ ಇಳಿಯುತ್ತೆ, ಬೀಗದ ಕಡೆ ಜೋತು ಬೀಳಲ್ಲ. ಕಿಟಕಿ ಬಾಗಿಲು ಜೋತಿದ್ದರೂ ಇದೇ ಉಪಾಯ. ಬಾಗಿಲ ಗಾಜಿಗೆ ಪುಟ್ಟಿ ಬೇಡ, ಬೀಡಿಂಗೇ ಸರಿ. ದಿನಕ್ಕೆ ನಲವತ್ತು ಸಲ ಬಡಿಯೋ ಬಾಗಿಲಲ್ಲಿ ಪುಟ್ಟಿ ತಡೆಯಲ್ಲ. ಬೀಡಿಂಗ್ ಒಳಗಡೆಗೆ ಬರಬೇಕು. ಹೊರಗಿದ್ದರೆ ಯಾರು ಬೇಕಾದರೂ ಸ್ಕ್ರೂಡ್ರೈವರ್ ತಂದು ಗಾಜು ತೆಗೆದು ಕೈ ಹಾಕಿ ಚಿಲಕ ತೆಗೀಬಹುದು.

ಬೆಣ್ಣೆ_ದೋಸೆ

ಬಚ್ಚಲ ವೆಂಟಿಲೇಟರಿನ ಮಬ್ಬು ಗಾಜು ಯಾವ ಮುಖ ಒಳಗೆ?

ಸೂತದ_ಲೆಕ್ಕ

ಮರಳು ಹೊಡೆದ ಮಬ್ಬು ಮುಖ ನೀರು ತಾಗಿದರೆ ಪಾರದರ್ಶಕ ಆಗುತ್ತೆ. ಬಚ್ಚಲಲ್ಲಿ ನೀರು ಒಳಗಡೆ, ಹಾಗಾಗಿ ನುಣುಪು ಮುಖ ಒಳಗೆ. ಹೊರಗೆ ಇರಚಲು ಹೊಡೆಯೋ ಗೋಡೆಯಾದರೆ ಮಬ್ಬಿನ ಬದಲು ಪಿನ್‌ಹೆಡ್ ಗಾಜು (ಸಣ್ಣ ಸಣ್ಣ ಉಬ್ಬು ಇರೋದು) ತಗೊಳ್ಳಿ, ಒದ್ದೆಯಾದರೂ ಅಷ್ಟು ತಿಳಿಯಾಗಲ್ಲ. ಗೆರೆ ಗಾಜು ತಗೊಂಡರೆ ಗೆರೆ ಯಾವ ದಿಕ್ಕು ಅಂತ ಚೀಟಿಯಲ್ಲಿ ಬಾಣ ಹಾಕಿ ಕೊಡಿ, 14ಕ್ಕೆ 21 ಅಂತ ಬರೆದರೆ ಗೆರೆ ನಿಂತದ್ದೋ ಮಲಗಿದ್ದೋ ಗೊತ್ತಾಗಲ್ಲ. ಅಡ್ಡಪಟ್ಟಿಯ ಲೂವರ್ ಆದರೆ ಕ್ಲಿಪ್ಪಿನ ನಾಲಿಗೆ ಬಿಡಿಸಿ ಒಂದೊಂದೇ ಪಟ್ಟಿ ಜಾರಿಸಿ ತೆಗೀಬಹುದು, ಹೊಸ ಪಟ್ಟಿಗೆ ಉದ್ದದ ಅಂಚು ಎರಡನ್ನೂ ಉಜ್ಜಿಸಲೇಬೇಕು, ಒರೆಸುವಾಗ ಬೆರಳು ಹೋಗೋದು ಅಲ್ಲೇ.

ನಿಟ್ಟುವಳ್ಳಿ_ಮನೆ

ಹಳೇ ಮೊಳೆ ಅಯಸ್ಕಾಂತಕ್ಕೆ ಸಿಕ್ಕಿತು. ಒಂದಲ್ಲ, ಅದೇ ಮೂಲೆಯಲ್ಲಿ ಎರಡು. ಒಡೆದ ಗಾಜನ್ನ ಕಸದ ಗಾಡಿಗೆ ಹೇಗೆ ಕೊಡೋದು?

ಸ್ಲೈಡಿಂಗ್_ಟ್ರ್ಯಾಕ್

ಹಸಿ ಕಸಕ್ಕೆ ಹಾಕಬೇಡಿ, ಬಾಟಲಿ ಗುಜರಿಗೂ ಸೇರಿಸಬೇಡಿ. ಎರಡು ಪದರ ಗೋಣಿಯಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ "ಗಾಜು" ಅಂತ ದಪ್ಪಕ್ಷರದಲ್ಲಿ ಬರೆದು ಗಾಡಿಯವರ ಕೈಗೇ ಕೊಡಿ. ನೆಲದ ಸಣ್ಣ ಹರಳಿಗೆ ದೀಪ ಆರಿಸಿ ಟಾರ್ಚನ್ನ ನೆಲಕ್ಕೆ ತಾಗಿಸಿ ಹಿಡೀರಿ, ಎಲ್ಲ ಮಿನುಗುತ್ತೆ. ಒದ್ದೆ ಹತ್ತಿಯೋ ಚಪಾತಿ ಹಿಟ್ಟಿನ ಉಂಡೆಯೋ ಒತ್ತಿ ತೆಗೀರಿ, ಆ ಉಂಡೆಯನ್ನ ಹಸುವಿಗೆ ಮಾತ್ರ ಹಾಕಬೇಡಿ.

ಉಳಿ_ಬಾಚಿ

ಆ ಎರಡು ಮೊಳೆ ಕಿತ್ತ ತೂತಿಗೆ ಫಿಲ್ಲರ್ ತುಂಬಿ, ಪ್ರೈಮರ್ ಒಣಗಿದ ಮೇಲೆ ಮೆಟ್ಟಿಲಿನ ಮೇಲೆ ಒಂದು ಅಡಿಪಟ್ಟಿ ಮಲಗಿಸಿ ನೋಡಿ. ಎಲ್ಲಾದರೂ ಪಟ್ಟಿ ತೂಗಾಡಿದರೆ ಅಲ್ಲಿ ಉಬ್ಬಿದೆ ಅಂತ ಅರ್ಥ, ಉಳಿಯಲ್ಲಿ ಸವರಿ ಸಮ ಮಾಡಿದ ಮೇಲೇ ಹಾಸುಪುಟ್ಟಿ.